ತಂಗಲು ಜಾಗವಿಲ್ಲದ ಗಾಲಿಮನೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲಿ ರಾಶಿ ಹಾಕಿ ಕೂತವರು ಹಗಲೆಲ್ಲ ಕಾಯಿ ಅಳೆದು ಕೊಟ್ಟು, ರಾತ್ರಿ ಅದೇ ರಾಶಿಯ ಮಗ್ಗುಲಲ್ಲೋ ಬಂದ ಟೆಂಪೋದೊಳಗೋ ಮಲಗುತ್ತಾರೆ. ಲಾರಿ, ಟೆಂಪೋ ಬರುವ ಮುನ್ನ ಎತ್ತಿನ ಗಾಡಿಯೇ ಅವರ ಮನೆಯಾಗಿತ್ತು. ಗಾಡಿಯಲ್ಲೇ ಮನೆ ಮಾಡಿಕೊಳ್ಳುವುದು ಹಳೆಯ ಬೆಂಗಳೂರಿಗೆ ಹೊಸ ಸಂಗತಿಯೇನಲ್ಲ. ಹಳೇ ಮೈಸೂರು ಸೀಮೆಯ ಗಾಡಿದಾರಿಗಳಲ್ಲಿ ಊರ ಹೊರಗೊಂದು ಗುಂಡುತೋಪು, ಪಕ್ಕದಲ್ಲಿ ಬಾವಿ ಅಥವಾ ಕಟ್ಟೆ, ಬೇಸಿಗೆಯಲ್ಲಿ ಅರವಟ್ಟಿಗೆ ಇರುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಎತ್ತು ಬಿಚ್ಚಿ ತಂಗುವುದು ಎಲ್ಲಿ ಎಂಬ ಪ್ರಶ್ನೆ ಗಾಡಿಯವನನ್ನು ಕಾಡುತ್ತಿರಲಿಲ್ಲ. ಇಂದು ಹಾಸಿಗೆ, ಒಲೆ, ಶೌಚಾಲಯವನ್ನೆಲ್ಲ ಹೊತ್ತ ಕ್ಯಾರವಾನ್ ಬಾಡಿಗೆಗೆ ಸಿಗುತ್ತದೆ. ಕತ್ತಲಾದ ಮೇಲೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಮಾತ್ರ ಸುಲಭವಾಗಿ ಉತ್ತರ ಸಿಗುವುದಿಲ್ಲ. ಒಬ್ಬರೇ ಎರಡು ದಿನ ಹೋಗಿ ಬರುವ ಪ್ರವಾಸಕ್ಕೆ ಈ ಗಾಲಿಮನೆ ನಿಜಕ್ಕೂ ಹೇಳಿ ಮಾಡಿಸಿದಂಥದ್ದು. ಗಾಡಿಗಳ ಮೇಲೆ ಇಟ್ಟಷ್ಟು ಗಮನವನ್ನು ತಂಗುದಾಣಗಳ ಮೇಲೂ ಇಡುವವರೆಗೆ ಆ ಪ್ರಯೋಜನ ಕೈಗೆಟುಕುವುದಿಲ್ಲ.

ಇಂಥ ಒಂಟಿ ಪ್ರವಾಸಕ್ಕೆ ತಕ್ಕ ಕಾಲ ಪ್ರವಾಸದ ಋತುವಿನ ಕೊನೆ. ಅದು ನಮ್ಮಲ್ಲಿ ಯಾವಾಗ ಎಂದು ಮೊದಲು ನೋಡಬೇಕು. ಜರ್ಮನಿಯಲ್ಲಿ ಅದು ಕಾಗದದ ಮೇಲೇ ನಿಗದಿಯಾಗಿರುತ್ತದೆ. ವರ್ಷದ ಕೆಲವೇ ತಿಂಗಳು ಚಾಲ್ತಿಯಲ್ಲಿರುವ ಋತು ನಂಬರ್ ಪ್ಲೇಟು ಅಲ್ಲಿ 1997ರಿಂದ ಇದೆ. ಮೋಟಾರ್‌ಹೋಮ್ ಇರುವ ಎಷ್ಟೋ ಮಂದಿ ವಸಂತದಿಂದ ಶರತ್ಕಾಲದವರೆಗೆ ಮಾತ್ರ ಅದನ್ನು ಬೀದಿಗಿಳಿಸುತ್ತಾರೆ. ಕೊನೆಯ ವಾರ ಒಂದು ಸುತ್ತು ಹೋಗಿಬಂದು, ನೀರಿನ ತೊಟ್ಟಿ ಬರಿದು ಮಾಡಿ ಚಳಿಗಾಲಕ್ಕೆ ಮೂಲೆಗೆ ಸೇರಿಸುತ್ತಾರೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ, ಮಾರ್ಚ್‌ನಲ್ಲಿ ಮಕ್ಕಳಿಗೆ ವಾರ್ಷಿಕ ಪರೀಕ್ಷೆ ಬರುತ್ತದೆ. ದಸರೆಯಿಂದ ಕ್ರಿಸ್‌ಮಸ್‌ವರೆಗೆ ತುಂಬಿ ತುಳುಕುವ ಜಾಗಗಳಲ್ಲಿ ಆಗ ಜನ ತೆಳ್ಳಗಾಗುತ್ತಾರೆ. ಯುಗಾದಿ ಕಳೆದರೆ ಬಾದಾಮಿಯ ಬಂಡೆ ಕಾದ ಹೆಂಚು. ಹಾಗಾಗಿ ಶಿವರಾತ್ರಿಗೂ ಯುಗಾದಿಗೂ ನಡುವಿನ ಕೆಲವೇ ವಾರಗಳು ನಮ್ಮ ಋತುವಿನ ಕೊನೆ. ಸಂಸಾರಸ್ಥರು ಊರು ಬಿಡಲಾಗದ, ಒಂಟಿಯಾಗಿರುವವರು ಮಾತ್ರ ಹೊರಡಬಹುದಾದ ಸಮಯ ಅದು.

ಹಾಗೆ ಹೊರಡಬಹುದಾದವರು ಹಳೆಯ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. 1892ರ ಚಾಮರಾಜಪೇಟೆಯಲ್ಲೂ, ಪ್ಲೇಗ್ ಬಡಿದ 1898ರಲ್ಲಿ ಕಟ್ಟಿಸಿದ ಬಸವನಗುಡಿ ಮಲ್ಲೇಶ್ವರಗಳಲ್ಲೂ ಮಕ್ಕಳು ಪರದೇಶಕ್ಕೆ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿದ್ದಾರೆ. ಸರೀಕರ ಜೊತೆ ಬಸ್ಸು ಮಾಡಿಕೊಂಡು ತೀರ್ಥಯಾತ್ರೆಗೆ ಹೋಗುವುದು ಎಲ್ಲರಿಗೂ ಒಗ್ಗುವುದಿಲ್ಲ. ಪಥ್ಯದ ಊಟ, ಬೆಳಗಿನ ಜಾವ ತಮ್ಮದೇ ಡಿಕಾಕ್ಷನ್ನಿನ ಕಾಫಿ, ಎಲ್ಲಕ್ಕಿಂತ ಮುಖ್ಯವಾಗಿ ಬೇಕೆಂದಾಗ ಒಂದು ಚೊಕ್ಕ ಶೌಚಾಲಯ: ಈ ಮೂರಕ್ಕಾಗಿ ಪ್ರವಾಸವನ್ನೇ ಕೈಬಿಟ್ಟವರು, ಅದರಲ್ಲೂ ಹೆಂಗಸರು, ಎಲ್ಲ ಮನೆತನಗಳಲ್ಲೂ ಸಿಗುತ್ತಾರೆ. ಕ್ಯಾರವಾನ್ ಎಂದರೆ ಸಿನಿಮಾ ನಟರು ಶೂಟಿಂಗ್ ನಡುವೆ ಕೂರುವ ಗಾಡಿ ಎಂದಷ್ಟೇ ತಿಳಿದ ಓದುಗರು ಅದನ್ನು ಈ ಹಿರಿಯರ ಕಣ್ಣಿಂದ ನೋಡಬೇಕು.

‘ಬಸ್ಸಿದೆಯಲ್ಲ, ಹೆಂಗಸರಿಗೆ ಟಿಕೆಟ್ಟೂ ಇಲ್ಲ’ ಎನ್ನಬಹುದು. ಮಾತು ಸರಿಯೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಓಡಾಟವನ್ನು ಹಗುರ ಮಾಡಿದೆ, ಅದೊಂದು ದೊಡ್ಡ ಕೆಲಸ. ಆದರೆ ಬಸ್ಸು ಹಗಲಿನ ಪ್ರಶ್ನೆಗೆ ಮಾತ್ರ ಉತ್ತರ. ಒಬ್ಬರೇ ಬಂದರೆ ಕೋಣೆ ಕೊಡಲು ಹಿಂದುಮುಂದು ನೋಡುವ ಲಾಡ್ಜುಗಳು ಇವತ್ತಿಗೂ ಇವೆ. ಗುಬ್ಬಿ ತೋಟದಪ್ಪನವರಂಥ ವರ್ತಕರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೆಂಗಳೂರಿನ ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದ್ದೇ ರೈಲು ಹಗಲನ್ನು ನೋಡಿಕೊಂಡರೂ ರಾತ್ರಿಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ ಎಂದು. ದಾರಿಹೋಕರಿಗೆ ತಲೆಯ ಮೇಲೊಂದು ಸೂರು ಕೊಡುವುದು ಅಲ್ಲಿನ ಧರ್ಮವಾಗಿತ್ತು.

ಇನ್ನೊಂದು ಆಕ್ಷೇಪ ಹಣದ್ದು, ಅದಕ್ಕೆ ಪೂರ್ತಿ ಉತ್ತರವಿಲ್ಲ. ಬಾಡಿಗೆಯ ಕ್ಯಾರವಾನುಗಳು ಸಾಮಾನ್ಯವಾಗಿ ನಾಲ್ಕಾರು ಜನರ ಕುಟುಂಬಕ್ಕೆಂದು ಮಾಡಿದವು. ಒಬ್ಬರೇ ಹೋದರೆ ನಾಲ್ವರ ಬಾಡಿಗೆ, ನಾಲ್ವರ ಡೀಸೆಲ್ಲು. ಒಬ್ಬರಿಗೆ ಸಾಲುವುದು ಸಣ್ಣ ವ್ಯಾನು, ಅದರಲ್ಲೊಂದು ಮಂಚ. ಹಾಗೆಂದು ಇರುವ ವ್ಯಾನನ್ನು ಗ್ಯಾರೇಜಿಗೆ ಕೊಟ್ಟು ಮನಬಂದಂತೆ ಕೊರೆಸುವಂತಿಲ್ಲ. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತಾಗುವ ಹಾಗೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಇಬ್ಬರಿಗಷ್ಟೇ ಆಗುವ ಸಣ್ಣ ಗಾಡಿಗಳನ್ನು ಕ್ರಮಬದ್ಧವಾಗಿ ಕಟ್ಟಿ, ಜನ ಕಡಿಮೆಯಿರುವ ಈ ವಾರಗಳಲ್ಲಿ ಇಳಿಸಿದ ದರಕ್ಕೆ ಕೊಟ್ಟರೆ ಮಾತ್ರ ಒಂಟಿ ಪ್ರವಾಸಿಗೆ ಲೆಕ್ಕ ಸರಿಹೋದೀತು. ತಾವೇ ಓಡಿಸುತ್ತೇನೆನ್ನುವವರ ಹಾದಿ ಈಗ ಸುಗಮ: 7,500 ಕಿಲೋವರೆಗಿನ ಹಗುರ ಸಾರಿಗೆ ವಾಹನಕ್ಕೆ ಸಾಧಾರಣ ಎಲ್‌ಎಂವಿ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಹೇಳಿದೆ.

ಉಳಿದದ್ದು ನಿಲ್ಲುವ ಪ್ರಶ್ನೆ. ಸಿಕ್ಕಲ್ಲಿ ನಿಲ್ಲಿಸಬಹುದೆಂಬುದೇ ಗಾಲಿಮನೆಯ ಸುಖ ಎಂದು ಜಾಹೀರಾತುಗಳು ನಂಬಿಸುತ್ತವೆ. ನಿಜದಲ್ಲಿ ಹಾಗಿಲ್ಲ, ಇರಲೂ ಕೂಡದು. ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ, ಆನೆ ಜಿಂಕೆಗಳ ಪ್ರಾಣ ಉಳಿಸಿದ ನಿಯಮ ಅದು. ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಪಾತ್ರೆ ತೊಳೆದ ನೀರನ್ನೂ ಶೌಚದ ತೊಟ್ಟಿಯನ್ನೂ ಅಲ್ಲೇ ಚೆಲ್ಲಿ ಹೋದರೆ, ಈ ಪ್ರವಾಸದ ಬೆಲೆಯನ್ನು ಊರವರು ತೆರಬೇಕಾಗುತ್ತದೆ. ಗಾಡಿಗಳು ಹೆಚ್ಚಿದರೆ ಊರು ಹಾಳಾಗುತ್ತದೆ ಎನ್ನುವವರ ಆತಂಕಕ್ಕೆ ಇಲ್ಲಿ ಪೂರ್ತಿ ಆಧಾರವಿದೆ. ಆದರೆ ಇದಕ್ಕೆ ದಾರಿಯಿದೆ: ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದಾಗ ಗಾಡಿಯ ಜೊತೆಗೇ ಕ್ಯಾರವಾನ್ ಪಾರ್ಕುಗಳನ್ನೂ ಸೇರಿಸಿತು.

ಕರ್ನಾಟಕ ಅದಕ್ಕಾಗಿ ಹೊಸ ಜಾಗ ಹುಡುಕಬೇಕಾಗಿಲ್ಲ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳು ಯಾತ್ರಿಕರ ದಾರಿಯಲ್ಲೇ ಇವೆ: ಬೇಲೂರಿನಲ್ಲಿ ವೇಲಾಪುರಿ, ಹಳೇಬೀಡಿನಲ್ಲಿ ಶಾಂತಲಾ, ಬಾದಾಮಿಯಲ್ಲಿ ಚಾಲುಕ್ಯ, ಹಂಪಿಯ ಪಕ್ಕದ ಕಮಲಾಪುರದಲ್ಲಿ ಭುವನೇಶ್ವರಿ. ಪ್ರತಿ ಅಂಗಳದಲ್ಲಿ ನಾಲ್ಕು ಗಾಡಿ ನಿಲ್ಲುವಷ್ಟು ಸಮತಟ್ಟು ನೆಲ, ಒಂದು ನಲ್ಲಿ, ಒಂದು 15 ಆಂಪ್ ಸಾಕೆಟ್ಟು, ಕೊಳೆನೀರು ಇಳಿಸಲು ಒಳಚರಂಡಿಗೆ ಸೇರಿದ ಒಂದು ಬಾಯಿ, ರಾತ್ರಿ ಎದ್ದಿರುವ ಕಾವಲುಗಾರ: ಇಷ್ಟಿದ್ದರೆ ಸಾಕು. ಒಂಟಿಯಾಗಿ ಹೋಗುವುದು ಅಪಾಯ ಎನ್ನುವವರಿಗೆ ಉತ್ತರವೂ ಈ ಕಾವಲುಗಾರನೇ. ಮುಚ್ಚಿದ ಗೇಟಿನೊಳಗೆ ನಿಂತ ಗಾಡಿಯೂ ಹೆದ್ದಾರಿಯ ಡಾಬಾ ಮುಂದೆ ನಿಂತ ಗಾಡಿಯೂ ಒಂದಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ಬರುವವರೆಲ್ಲ ವರ್ಷಾಂತ್ಯದಲ್ಲೇ ಮುಗಿಬೀಳುವುದಕ್ಕಿಂತ, ಕೆಲವರಾದರೂ ಮಾರ್ಚ್‌ಗೆ ಹಂಚಿಹೋಗುವುದು ಗುಡಿಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಬಸವನಗುಡಿಯಿಂದ ಬೇಲೂರಿಗೆ ಸುಮಾರು 220 ಕಿಲೋಮೀಟರು, ಅಲ್ಲಿಂದ ಹಳೇಬೀಡಿಗೆ 16. ಬೆಳಗ್ಗೆ ಮನೆ ಬಿಟ್ಟ ಹಿರಿಯರೊಬ್ಬರು ಸಂಜೆ ಚೆನ್ನಕೇಶವನ ಗುಡಿ ನೋಡಿ, ಗೇಟಿನೊಳಗೆ ಗಾಡಿ ನಿಲ್ಲಿಸಿ, ತಮ್ಮ ಒಲೆಯಲ್ಲಿ ತಾವೇ ಅನ್ನ ಬೇಯಿಸಿ ಮಲಗಿ, ಮಾರನೆಯ ಬೆಳಗ್ಗೆ ಬಿಸಿಲೇರುವ ಮುನ್ನ ಹಳೇಬೀಡಿನ ಹೊಯ್ಸಳೇಶ್ವರನ ಎದುರಿನ ಆ ದೊಡ್ಡ ನಂದಿಯ ಮುಂದೆ ನಿಲ್ಲಬಹುದು.