ಶಬ್ದ ಬರುವವರೆಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕಿಲ್ಲವೇ?

‘ಟೈಮಿಂಗ್ ಬೆಲ್ಟ್ ಬದಲಿಸಿ ಅನ್ನೋದು ಗ್ಯಾರೇಜಿನವರು ದುಡ್ಡು ಮಾಡುವ ದಾರಿ. ಕೀಂಯ್ ಅಂತ ಶಬ್ದ ಬಂದ ಮೇಲೆ ನೋಡಿಕೊಂಡರಾಯ್ತು’ – ಈ ಧಾಟಿಯ ಸಲಹೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದನ್ನು ನಂಬಿ ಕೂತರೆ ಎಂಜಿನ್ನೇ ಕೈಕೊಡಬಹುದು.

ಗೊಂದಲ ಇರುವುದು ಎರಡು ಬೆಲ್ಟ್‌ಗಳ ನಡುವೆ. ಬಾನೆಟ್ ಎತ್ತಿದರೆ ಹೊರಗೇ ಕಾಣುವುದು ನಾವು ಫ್ಯಾನ್ ಬೆಲ್ಟ್ ಎನ್ನುವ ಬೆಲ್ಟ್. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ತಿರುಗಿಸುವುದು ಅದು. ಸಡಿಲವಾದಾಗ ಕಿರುಚುವುದೂ ಅದೇ. ಟೈಮಿಂಗ್ ಬೆಲ್ಟ್ ಕವರಿನೊಳಗೆ ಅಡಗಿರುತ್ತದೆ. ಹಲ್ಲುಗಳಿರುವ ಈ ಬೆಲ್ಟ್ ಎಷ್ಟೋ ಸಲ ಸುಳಿವೇ ಕೊಡದೆ ತುಂಡಾಗುತ್ತದೆ.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ತಾಳ ಹಿಡಿಯುವುದೇ ಬೆಲ್ಟಿನ ಕೆಲಸ. ಎಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಬೆಲ್ಟ್ ಹರಿದರೆ, ಅನೇಕ ಎಂಜಿನ್‌ಗಳಲ್ಲಿ ತೆರೆದೇ ಉಳಿದ ವಾಲ್ವ್‌ಗೆ ಪಿಸ್ಟನ್ ಹೋಗಿ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಆಗಿನ ಬಿಲ್ಲಿನ ಮುಂದೆ ಹೊಸ ಬೆಲ್ಟಿನ ಬೆಲೆ ಚಿಲ್ಲರೆ.

ಹಾಗಂತ ಎಲ್ಲ ಕಾರಿಗೂ ಈ ಖರ್ಚಿಲ್ಲ. ಡಸ್ಟರ್‌ನ 1.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ಇದೆ, ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್‌ನಲ್ಲಿ ಚೈನ್. ಚೈನ್ ಇರುವ ಕಾರಿಗೆ ‘ಬೆಲ್ಟ್ ಬದಲಿಸಬೇಕು’ ಎಂದರೆ ಅನುಮಾನ ಪಡಿ! ನಿಮ್ಮದು ಯಾವುದೆಂದು ಕಾರಿನ ಕೈಪಿಡಿ ನೋಡಿ, ಇಲ್ಲವೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಬದಲಿಸುವ ಅವಧಿ ಕಿಲೋಮೀಟರ್ ಮತ್ತು ವರ್ಷ ಎರಡರಲ್ಲೂ ಇದ್ದರೆ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಮನೆ ಮುಂದೆ ನಿಂತೇ ಇರುವ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ.

‘ಹಳೆ ಬೆಲ್ಟ್ ಬಿಚ್ಚಿ ಹೊಸದು ಸಿಕ್ಕಿಸಿದರೆ ಮುಗೀತು’ ಎನ್ನುವ ವಿಡಿಯೊಗಳನ್ನೂ ನೆಚ್ಚಬೇಡಿ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಕಂಪನಿ ಹೇಳಿದ ಗುರುತಿಗೆ ತಂದು ನಿಲ್ಲಿಸಬೇಕು. ಕೆಲವು ಎಂಜಿನ್‌ಗಳಿಗೆ ಅದಕ್ಕೆಂದೇ ಪಿನ್ ಬೇಕು. ಒಂದೇ ಹಲ್ಲು ತಪ್ಪಿದರೂ ಎಂಜಿನ್ ನಡುಗಬಹುದು, ಪಿಕಪ್ ಬೀಳಬಹುದು. ಟೆನ್ಷನರ್ ಬಿಗಿ ಮಾಡಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು.

ಟೆನ್ಷನರ್, ಐಡ್ಲರ್‌ಗಳನ್ನೂ ಬೆಲ್ಟ್ ಜೊತೆಗೇ ಬದಲಿಸಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ ಚೌಕಾಸಿ ಮಾಡಿ.