ಆರಿಸಲು ಬಲ್ಲ ಗೇಟು

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಮೂರನೇ ರೈಲ್ವೆ ಗೇಟ್ ದಾಟಿದರೆ ಉದ್ಯಮಬಾಗ. ಫೌಂಡ್ರಿ, ಲೇತು, ಹೈಡ್ರಾಲಿಕ್ ಪ್ರೆಸ್ಸುಗಳ ಬಡಾವಣೆ. ಕಣ್ಣಿಗೆ ಬೀಳುವುದೆಲ್ಲ ಕಬ್ಬಿಣವೇ. ಆದರೂ ಮಷಿನ್ ನಿಂತಾಗ ಜನ ಮೊದಲು ತೆರೆಯುವುದು ಕರೆಂಟಿನ ಪ್ಯಾನಲ್ ಬಾಗಿಲನ್ನು. ಅಲ್ಲಿಂದ ಬಿಚ್ಚಿ ತಂದ ಭಾಗ ಬದುಕಿದೆಯೋ ಸತ್ತಿದೆಯೋ ನೋಡಲು ರಿಪೇರಿ ಮೇಜಿನ ಮೇಲೊಂದು ಸರಳ ಪರೀಕ್ಷೆ ಇದೆ. ಅದಕ್ಕೆ ಬೇಕಾದ್ದು 12 ವೋಲ್ಟಿನ ಬ್ಯಾಟರಿ, ಗಾಡಿಯ ಇಂಡಿಕೇಟರ್ ಬಲ್ಬು, ನಾಲ್ಕಾರು ತುಂಡು ವೈರು.

ಮೊದಲು ಎಸ್‌ಸಿಆರ್ ಎಂಬ ಸಿಲಿಕಾನ್ ಸ್ವಿಚ್ಚೊಂದನ್ನು ತೆಗೆದುಕೊಳ್ಳಿ. ಬಲ್ಬಿನ ಮೂಲಕ ಬ್ಯಾಟರಿಗೆ ಜೋಡಿಸಿದರೆ ದೀಪ ಹತ್ತುವುದಿಲ್ಲ. ಗೇಟಿನ ಕಾಲಿಗೆ ರೆಸಿಸ್ಟರ್ ಮೂಲಕ ಪ್ಲಸ್ ಮುಟ್ಟಿಸಿದಿರೋ, ಫಕ್ಕನೆ ಹತ್ತುತ್ತದೆ. ವೈರು ತೆಗೆಯಿರಿ, ಉರಿಯುತ್ತಲೇ ಇರುತ್ತದೆ. ಈಗ ಅದರ ಜಾಗದಲ್ಲಿ ಐಜಿಬಿಟಿ ಎಂಬ ಇನ್ನೊಂದು ಬಗೆಯ ಸ್ವಿಚ್ಚು ಇಡಿ. ಗೇಟಿಗೆ ಪ್ಲಸ್ ಮುಟ್ಟಿಸಿದರೆ ಹತ್ತಿತು, ತೆಗೆದರೂ ಉರಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಇಲ್ಲಿ, “ಅಣ್ಣಾ, ಎರಡೂ ಒಂದ ಅದಾವಲ್ರಿ” ಎಂದರೆ ಅವನನ್ನು ಬೈಯುವಂತಿಲ್ಲ. “ಗೇಟ್ ಶಾರ್ಟ್ ಮಾಡ್ ನೋಡು” ಎನ್ನುತ್ತಾನೆ ಹಿರಿಯ. ಗೇಟನ್ನು ಎಮಿಟರಿಗೆ ತಾಗಿಸಿದ ಕೂಡಲೇ ಐಜಿಬಿಟಿಯ ದೀಪ ಆರುತ್ತದೆ. ಎಸ್‌ಸಿಆರ್ ಗೇಟನ್ನು ಹಾಗೆಯೇ ಕ್ಯಾಥೋಡಿಗೆ ತಾಗಿಸಿ ಎಷ್ಟು ಹೊತ್ತು ಹಿಡಿದರೂ ದೀಪ ಆರುವುದಿಲ್ಲ. ಬ್ಯಾಟರಿಯ ವೈರನ್ನೇ ಕೀಳಬೇಕು.

ಐಜಿಬಿಟಿಯ ಗೇಟ್ ಒಳಗೆ ಒಂದು ಪುಟ್ಟ ಕೆಪಾಸಿಟರ್ ಇದ್ದಹಾಗೆ. ಅಲ್ಲಿ ಉಳಿದ ಚಾರ್ಜ್ ದೀಪವನ್ನು ಹಿಡಿದಿಟ್ಟಿತ್ತು, ಶಾರ್ಟ್ ಮಾಡಿದಾಗ ಖಾಲಿಯಾಯಿತು. ಎಸ್‌ಸಿಆರ್‌ನದು ಬೇರೆ ಜಾತಿ. ಹೊತ್ತಿಸುವುದಷ್ಟೇ ಅದರ ಗೇಟಿನ ಕೆಲಸ, ಆರಿಸುವ ಅಧಿಕಾರ ಅದಕ್ಕಿಲ್ಲ. ಈ ಅಧಿಕಾರವನ್ನು ಗೇಟಿಗೆ ಕೊಡಿಸಿದ ಕತೆಯ ಮುಖ್ಯ ಪಾತ್ರಧಾರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು.

ಅದಕ್ಕೆ ಮೊದಲು ಪ್ಯಾನಲ್ಲಿನ ಉಳಿದ ವಾಸಿಗಳ ಪರಿಚಯ ಬೇಕು. ರೆಸಿಸ್ಟರ್, ಕೆಪಾಸಿಟರ್, ಕಾಯಿಲ್ ಯಾರ ಮಾತನ್ನೂ ಕೇಳುವ ಭಾಗಗಳಲ್ಲ. ಒಂದು ಕರೆಂಟನ್ನು ತಡೆದು ಬಿಸಿಯಾಗುತ್ತದೆ, ಒಂದು ಚಾರ್ಜನ್ನು ಕೂಡಿಟ್ಟು ಬಿಡುತ್ತದೆ, ಇನ್ನೊಂದು ಕರೆಂಟಿನ ಏರಿಳಿತಕ್ಕೆ ಅಡ್ಡ ನಿಲ್ಲುತ್ತದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಸೆಲ್ ಓಲ್ ಕೈಗೆ ಬಿರುಕು ಬಿಟ್ಟ ಸಿಲಿಕಾನ್ ತುಂಡೊಂದು ಸಿಕ್ಕಿತು. ಬೆಳಕು ಬಿದ್ದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತಿತ್ತು. ಬಿರುಕಿನ ಎರಡು ಬದಿಯಲ್ಲಿ ಬೇರೆ ಬೇರೆ ಕಲ್ಮಶ ಸೇರಿದ್ದೇ ಕಾರಣ. ಪಿ-ಎನ್ ಜಂಕ್ಷನ್ ಎಂಬುದು ಬೆಳಕಿಗೆ ಬಂದದ್ದು ಹೀಗೆ. 1947ರ ಡಿಸೆಂಬರಿನಲ್ಲಿ ಅದೇ ಸಂಸ್ಥೆಯ ಬಾರ್ಡೀನ್ ಮತ್ತು ಬ್ರಾಟನ್ ಟ್ರಾನ್ಸಿಸ್ಟರ್ ಮಾಡಿದರು. ಟ್ರಾನ್ಸಿಸ್ಟರ್ ಹೊತ್ತಿಸಿದರೆ ಹೊತ್ತುತ್ತದೆ, ಆರಿಸಿದರೆ ಆರುತ್ತದೆ. ಆದರೆ ಹೊತ್ತಿರುವಷ್ಟು ಹೊತ್ತೂ ಅದರ ಬೇಸಿಗೆ ಕರೆಂಟು ಉಣಿಸುತ್ತಲೇ ಇರಬೇಕು. ರೇಡಿಯೋದಲ್ಲಿ ಅದೊಂದು ಲೆಕ್ಕಕ್ಕಿಲ್ಲ. ಮೋಟರ್ ಓಡಿಸುವ ದೊಡ್ಡ ಟ್ರಾನ್ಸಿಸ್ಟರಿನಲ್ಲಿ ಬೇಸಿಗೆ ಬೇಕಾಗುವ ಕರೆಂಟೇ ಆಂಪಿಯರುಗಟ್ಟಲೆ.

1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ನಾಲ್ಕು ಪದರದ ಎಸ್‌ಸಿಆರ್ ತಂದರು. ಸಣ್ಣ ಚಿಟುಕಿನಲ್ಲಿ ಹೊತ್ತುತ್ತದೆ, ಭಾರಿ ಕರೆಂಟು ಹೊರುತ್ತದೆ, ಆರುವುದಿಲ್ಲ. 1959-60ರ ಹೊತ್ತಿಗೆ ಈಜಿಪ್ಟಿನಲ್ಲಿ ಹುಟ್ಟಿದ ಅಟಾಲಾ ಮತ್ತು ಕೊರಿಯಾದ ಕಾಂಗ್ ಬೆಲ್ ಲ್ಯಾಬ್ಸ್‌ನಲ್ಲಿ ಮಾಸ್‌ಫೆಟ್ ರೂಪಿಸಿದರು. ಅದರ ಗೇಟಿನಡಿ ಗಾಜಿನಂಥ ಆಕ್ಸೈಡ್ ಪೊರೆ ಇರುತ್ತದೆ. ಕರೆಂಟು ಉಣಿಸಬೇಕಿಲ್ಲ, ವೋಲ್ಟೇಜ್ ಇಟ್ಟರೆ ಸಾಕು. ಇದಾದರೂ ಪರಿಪೂರ್ಣವೇ ಎಂದರೆ ಅಲ್ಲ. ಹೆಚ್ಚು ವೋಲ್ಟೇಜ್ ತಡೆಯಬೇಕೆಂದರೆ ಒಳಗಿನ ಸಿಲಿಕಾನ್ ಪದರ ದಪ್ಪಗಿರಬೇಕು, ಅದರಲ್ಲಿ ಕಲ್ಮಶ ಕಡಿಮೆ ಇರಬೇಕು. ಆಗ ಅದರ ತಡೆ ವಿಪರೀತ ಏರುತ್ತದೆ. ನೂರು ವೋಲ್ಟಿನೊಳಗೆ ಜಾಣನಾದ ಮಾಸ್‌ಫೆಟ್ ಆರುನೂರು ವೋಲ್ಟಿಗೆ ಬಂದಾಗ ಸುಮ್ಮನೆ ಬಿಸಿಯಾಗತೊಡಗುತ್ತದೆ.

1970ರ ದಶಕದ ಕೊನೆಗೆ ಪರಿಸ್ಥಿತಿ ಹೀಗಿತ್ತು: ಒಂದಕ್ಕೆ ಉಣಿಸಬೇಕು, ಒಂದು ಆರದು, ಇನ್ನೊಂದು ಭಾರ ಹೊರದು.

ಜಾಲಹಳ್ಳಿಯ ಆ ಪಾತ್ರಧಾರಿ ಬಿ. ಜಯಂತ್ ಬಾಳಿಗಾ ಹುಟ್ಟಿದ್ದು 1948ರಲ್ಲಿ, ಮದ್ರಾಸಿನಲ್ಲಿ. ತಂದೆ ಬಂಟ್ವಾಳ ವಿಟ್ಟಲ ಮಂಜುನಾಥ ಬಾಳಿಗಾ ನಮ್ಮ ದೇಶದ ಮೊದಲ ತಲೆಮಾರಿನ ಎಲೆಕ್ಟ್ರಿಕಲ್ ಎಂಜಿನಿಯರುಗಳಲ್ಲಿ ಒಬ್ಬರು. ಮಗ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮುಗಿಸಿ, 1969ರಲ್ಲಿ ಮದ್ರಾಸ್ ಐಐಟಿಯಿಂದ ಪದವಿ ಪಡೆದು, ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ 1974ರಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ ಸೇರಿದರು. ಎಸ್‌ಸಿಆರ್ ತಂದಿದ್ದ ಅದೇ ಕಂಪನಿ.

ಕಂಪನಿಗೆ ಆಗ ಬೇಕಾಗಿದ್ದದ್ದು ಹೀಟ್ ಪಂಪಿನ ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್. ಟ್ರಾನ್ಸಿಸ್ಟರ್ ಬಳಸಿ ಮಾಡಿದ ಡ್ರೈವ್ ದೊಡ್ಡದಾಗುತ್ತಿತ್ತು, ದುಬಾರಿಯಾಗುತ್ತಿತ್ತು, ಸುಡುತ್ತಲೂ ಇತ್ತು. ಬಾಳಿಗಾ ಅದಾಗಲೇ ಮಾಸ್‌ಫೆಟ್ಟಿನಂಥ ಗೇಟಿನಿಂದ ಹೊತ್ತುವ ಎಸ್‌ಸಿಆರ್ ಮೇಲೆ ಕೆಲಸ ಮಾಡಿ 1979ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆ ಸಾಧನ ಪೂರ್ತಿ ಹೊತ್ತಿ ಹಟ ಹಿಡಿಯುವ ಮೊದಲು ಗೇಟಿನ ಮಾತು ಕೇಳುವ ಒಂದು ಹಂತವಿತ್ತು. ಬೇರೆಯವರಾಗಿದ್ದರೆ ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಹೊತ್ತಿ ನಿಲ್ಲುವುದೇ ಎಸ್‌ಸಿಆರ್‌ನ ಉದ್ದೇಶವಲ್ಲವೇ! ಬಾಳಿಗಾ ಆ ನಡುವಿನ ಹಂತದಲ್ಲೇ ಬೀಡುಬಿಟ್ಟರು.

ಹಾಗೆ ಹುಟ್ಟಿದ ಐಜಿಬಿಟಿಯ ರಚನೆ ಹೇಳಲು ಸುಲಭ. ಮೇಲೆ ಮಾಸ್‌ಫೆಟ್ಟಿನ ಗೇಟು, ತಳಕ್ಕೆ ಹೆಚ್ಚುವರಿ ಒಂದು ಪಿ ಪದರ. ಗೇಟಿಗೆ ವೋಲ್ಟೇಜ್ ಇಟ್ಟಾಗ ತಳದ ಪದರದಿಂದ ಧನ ಆವೇಶಗಳು ಮೇಲಕ್ಕೆ ನುಗ್ಗಿ ದಪ್ಪ ಸಿಲಿಕಾನನ್ನು ತುಂಬುತ್ತವೆ, ಅದರ ತಡೆ ಕುಸಿಯುತ್ತದೆ. ಮಾಸ್‌ಫೆಟ್ಟಿನ ಬಡತನಕ್ಕೆ ಮದ್ದು ಸಿಕ್ಕಿತು. ತೊಂದರೆ ಏನೆಂದರೆ ಪದರಗಳನ್ನು ಎಣಿಸಿದರೆ ಪಿ, ಎನ್, ಪಿ, ಎನ್: ಸಾಕ್ಷಾತ್ ಎಸ್‌ಸಿಆರ್! ಕರೆಂಟು ಸ್ವಲ್ಪ ಹೆಚ್ಚಾದರೂ ಇದು ತನ್ನ ಹುಟ್ಟುಗುಣಕ್ಕೆ ತಿರುಗುತ್ತದೆ, ಗೇಟನ್ನು ಮರೆಯುತ್ತದೆ ಎಂದು ಬಲ್ಲವರು ತಲೆ ಅಲ್ಲಾಡಿಸಿದರು. ಅವರ ಅನುಮಾನ ಸುಳ್ಳೇನಲ್ಲ. ಗೇಟಿನ ಪಕ್ಕದ ಪಿ ಪದರಕ್ಕೆ ಗಾಢವಾಗಿ ಕಲ್ಮಶ ಸೇರಿಸಿ ಅದರ ತಡೆ ಇಳಿಸಿದರೆ ಒಳಗಿನ ಎಸ್‌ಸಿಆರ್ ಎಚ್ಚರವಾಗುವುದಿಲ್ಲ ಎಂಬುದು ಬಾಳಿಗಾ ಹಿಡಿದ ದಾರಿ.

ಎರಡನೇ ತೊಡಕು ವೇಗದ್ದು. ಒಳಗೆ ತುಂಬಿದ ಆವೇಶಗಳು ಗೇಟ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸುಳಿದಾಡಿ ಕರೆಂಟಿನ ಬಾಲ ಉಳಿಸುತ್ತವೆ. ಸಿಲಿಕಾನಿಗೆ ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಅದರಲ್ಲಿ ಸೂಕ್ಷ್ಮ ಗಾಯಗಳಾಗಿ, ಆವೇಶಗಳು ಅಲ್ಲಿ ಸಿಕ್ಕಿ ಬೇಗ ಸಾಯುತ್ತವೆ. ಆದರೆ ಅದೇ ಕಿರಣ ಗೇಟಿನಡಿಯ ಆಕ್ಸೈಡನ್ನೂ ಕೆಡಿಸುತ್ತದೆ. ಹದವಾಗಿ ಬಿಸಿ ಮಾಡಿದರೆ ಆಕ್ಸೈಡ್ ವಾಸಿಯಾಗುತ್ತದೆ, ಸಿಲಿಕಾನಿನ ಗಾಯ ಹಾಗೇ ಉಳಿಯುತ್ತದೆ ಎಂದು ಬಾಳಿಗಾ ಕಂಡುಕೊಂಡರು. ನನಗೆ ಇಡೀ ಕತೆಯಲ್ಲಿ ಅತಿ ಸೊಗಸೆನಿಸುವುದು ಇದೇ. ಕಿರಣದ ಪ್ರಮಾಣ ಬದಲಿಸಿದರೆ ಒಂದೇ ವಿನ್ಯಾಸದಿಂದ ನಿಧಾನದ್ದೂ ಚುರುಕಿನದ್ದೂ ಬೇಕಾದ ಹಾಗೆ ತೆಗೆಯಬಹುದು.

ಈ ಸ್ವಿಚ್ಚು ಕಂಪನಿಯ ಯಾವ ಯಾವ ವಿಭಾಗಕ್ಕೆ ಹೇಗೆ ಉಪಯೋಗ ಎಂದು ಅವರು ಬರೆದುಕೊಟ್ಟ ಟಿಪ್ಪಣಿ ಮೇಲಧಿಕಾರಿ ಜ್ಯಾಕ್ ವೆಲ್ಚ್ ತನಕ ಹೋಯಿತು. 1981ರಲ್ಲಿ ವೆಲ್ಚ್ ಬಂದು ಕೇಳಿ ಒಪ್ಪಿದರು. ಹೊಸ ಕಾರ್ಖಾನೆ ಹಾಕಲಿಲ್ಲ, ಇದ್ದ ಮಾಸ್‌ಫೆಟ್ ಸಾಲಿನಲ್ಲೇ ತಯಾರಾಯಿತು. 1982ರ ಡಿಸೆಂಬರಿನಲ್ಲಿ ಪ್ರಬಂಧ ಮಂಡನೆಯಾಯಿತು, 1983ರಲ್ಲಿ ಮಾರುಕಟ್ಟೆಗೆ ಬಂತು.

ಒಬ್ಬರೇ ಕಂಡುಹಿಡಿದರೆಂದು ಬರೆದರೆ ಅನ್ಯಾಯವಾದೀತು. ಆರ್‌ಸಿಎ ಕಂಪನಿಯ ಬೆಕೆ ಮತ್ತು ವೀಟ್ಲಿ 1980ರಲ್ಲೇ ಇಂಥದೇ ರಚನೆಗೆ ಪೇಟೆಂಟ್ ಅರ್ಜಿ ಹಾಕಿ 1982ರಲ್ಲಿ ಪಡೆದಿದ್ದರು. ಸ್ಟ್ಯಾನ್‌ಫರ್ಡಿನ ಪ್ಲಮರ್ ಅದಕ್ಕೂ ಮೊದಲೇ ಈ ದಿಕ್ಕಿನಲ್ಲಿದ್ದರು. ಒಳಗಿನ ಎಸ್‌ಸಿಆರ್ ಏಳದಂತೆ ಪೂರ್ತಿ ಅದುಮಿದ್ದು 1984ರ ಸುಮಾರಿಗೆ ತೋಷಿಬಾದ ನಕಗಾವಾ ತಂಡ. ಆದರೂ ಕಾಗದದ ಮೇಲಿನ ರಚನೆಯನ್ನು ಅಂಗಡಿಯಲ್ಲಿ ಸಿಗುವ ವಸ್ತುವನ್ನಾಗಿ ಮಾಡಿದ ಶ್ರೇಯ ಬಾಳಿಗಾ ಅವರಿಗೇ ಸಲ್ಲಬೇಕು. 2014ರ ಐಇಇಇ ಮೆಡಲ್ ಆಫ್ ಆನರ್, 2024ರ ಫಿನ್ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂದಿವೆ. ವಿಚಿತ್ರವೆಂದರೆ ಜನರಲ್ ಎಲೆಕ್ಟ್ರಿಕ್ ತನ್ನ ಸೆಮಿಕಂಡಕ್ಟರ್ ವ್ಯವಹಾರವನ್ನೇ 1988ರಲ್ಲಿ ಮಾರಿತು. ಅದೇ ವರ್ಷ ಬಾಳಿಗಾ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು.

ಇವತ್ತು ಉದ್ಯಮಬಾಗದ ಲೇತಿನ ಡ್ರೈವಿನಲ್ಲಿ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇನ್ವರ್ಟರ್ ವೆಲ್ಡಿಂಗ್ ಮಷಿನ್ನಿನಲ್ಲಿ, ಮನೆಯ ಇಂಡಕ್ಷನ್ ಒಲೆಯಲ್ಲಿ, ಬೆಂಗಳೂರಿನಿಂದ ಬೆಳಗಾವಿಗೆ ಬರುವ ವಂದೇ ಭಾರತ್ ರೈಲಿನಲ್ಲಿ ಇರುವುದು ಐಜಿಬಿಟಿ. ಹಾಗಂತ ಎಸ್‌ಸಿಆರ್ ಕಾಲ ಮುಗಿದಿಲ್ಲ. ಫೌಂಡ್ರಿಯ ಇಂಡಕ್ಷನ್ ಫರ್ನೇಸ್ 50 ಹರ್ಟ್ಸ್ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ನೂರಾರು ಹರ್ಟ್ಸ್‌ಗೆ ಏರಿಸಿ, ನೀರು ಹರಿಯುವ ತಾಮ್ರದ ಕಾಯಿಲಿಗೆ ಕೊಡುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್ ಬ್ಯಾಂಕ್ ನಡುವೆ ಶಕ್ತಿ ಜೋಕಾಲಿಯಂತೆ ಅತ್ತಿಂದಿತ್ತ ತೂಗುತ್ತದೆ. ಪ್ರತಿ ತೂಗಿಗೂ ವೋಲ್ಟೇಜ್ ತಿರುಗುಮುರುಗಾಗಿ ಎಸ್‌ಸಿಆರ್ ಕರೆಂಟು ಸೊನ್ನೆಗೆ ಇಳಿದು ಅದು ತಾನಾಗಿ ಆರುತ್ತದೆ. ಗೇಟಿಗೆ ಆರಿಸಲು ಬಾರದಿದ್ದರೇನಂತೆ, ಆ ಕೆಲಸವನ್ನು ಕೆಪಾಸಿಟರ್ ಮಾಡುತ್ತದೆ. ಮೇಲಾಗಿ ಒಂದೇ ಬಿಲ್ಲೆಯಲ್ಲಿ ಸಾವಿರಾರು ಆಂಪಿಯರ್ ಹೊರುವ ತಾಕತ್ತು ಎಸ್‌ಸಿಆರ್‌ಗಿದೆ. ಕೆಪಾಸಿಟರ್ ಸೊರಗಿದರೆ ಮಾತ್ರ ಆರಲು ಬೇಕಾದ ಬಿಡುವು ಸಿಗದೆ ಅದು ಸುಡುತ್ತದೆ. ಫರ್ನೇಸಿನಲ್ಲಿ ಎಸ್‌ಸಿಆರ್ ಪದೇಪದೇ ಹೋಗುತ್ತಿದ್ದರೆ ಅನುಭವಸ್ಥರು ಹೊಸ ಎಸ್‌ಸಿಆರ್ ಕೂರಿಸುವ ಮೊದಲು ಕೆಪಾಸಿಟರುಗಳನ್ನು ಒಂದೊಂದಾಗಿ ಬಿಚ್ಚಿ ಅಳೆದು ನೋಡುವುದು ಇದಕ್ಕೇ.