ಮೈನ್‌ಕ್ರಾಫ್ಟ್ ಏಕೆ ತಡವರಿಸುತ್ತದೆ?

ಗಣಕಯಂತ್ರದಲ್ಲಿ ಮೈನ್‌ಕ್ರಾಫ್ಟ್ ಆಡುವ ತರುಣ ವಾಚಕರಿಗೆ ಈ ಅನುಭವ ಹೊಸದಾಗಿರಲಾರದು. ಆಟ ಮೊದಮೊದಲು ಸರಾಗವಾಗಿ ನಡೆಯುತ್ತದೆ. ಬಳಿಕ ಹೊಸ ಯಂತ್ರಗಳ ಮಾಡ್ ಒಂದು, ಹೊಸ ಪ್ರಾಣಿಗಳದೊಂದು, ಮಂತ್ರವಿದ್ಯೆಯದೊಂದು ಎಂದು ಸೇರಿಸುತ್ತ ಹೋಗಿ, ಅವುಗಳ ಸಂಖ್ಯೆ ನೂರೈವತ್ತನ್ನು ದಾಟುತ್ತದೆ. ಆಗ ತೊಡಕು ತೋರುತ್ತದೆ. ಓಡುತ್ತಿದ್ದ ದೃಶ್ಯ ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುತ್ತದೆ. ಒಡೆದ ಕಲ್ಲು ಮರುಕ್ಷಣ ತನ್ನ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೊನೆಗೊಮ್ಮೆ ಸ್ಮರಣೆ ಸಾಲದೆಂದು ದೂರಿ ಆಟವೇ ಮುಚ್ಚಿಹೋಗುತ್ತದೆ. ತಿಂಗಳುಗಟ್ಟಲೆ ಕಟ್ಟಿದ ಊರು ಹೀಗೆ ಆಡಲಾರದ ಸ್ಥಿತಿಗೆ ಬಂದಾಗ ಆಗುವ ದುಃಖ ಸಣ್ಣದೇನಲ್ಲ.

ಇದಕ್ಕೆ ಗೆಳೆಯರೆಲ್ಲ ಹೇಳುವ ಮದ್ದು ಒಂದೇ: ಆಟಕ್ಕೆ ಇನ್ನಷ್ಟು ಸ್ಮರಣೆ ಕೊಡು. ಈ ಮದ್ದು ಕೆಲವೊಮ್ಮೆ ಗುಣ ಮಾಡುವುದುಂಟು. ಕೆಲವೊಮ್ಮೆ ರೋಗವನ್ನೇ ಬೆಳೆಸುವುದೂ ಉಂಟು. ಹೊಸ ಸ್ಮರಣೆಯ ಹಲಗೆಗೆ ಹಣ ಸುರಿಯುವ ಮುನ್ನ ಇದರ ಕಾರಣವನ್ನು ತಿಳಿಯುವುದು ಒಳ್ಳೆಯದು.

ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ 2009ರಲ್ಲಿ ಈ ಆಟವನ್ನು ಮೊದಲು ಹೊರತಂದಾಗ ಬರೆದದ್ದು ಜಾವಾ ಭಾಷೆಯಲ್ಲಿ. ಮುಂದೆ ಬೇರೊಂದು ಭಾಷೆಯಲ್ಲಿ ಬರೆದ ಇನ್ನೊಂದು ಆವೃತ್ತಿಯೂ ಬಂದಿತು. ಆದರೆ ನೂರಾರು ಮಾಡ್‌ಗಳನ್ನು ಪೇರಿಸುವವರು ಬಳಸುವುದು ಜಾವಾ ಆವೃತ್ತಿಯನ್ನೇ. ನಾವು ಇಲ್ಲಿ ಹೇಳುವುದೆಲ್ಲ ಅದಕ್ಕೆ ಸಂಬಂಧಿಸಿದ್ದು.

‘ಲ್ಯಾಗ್’ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ರೋಗಗಳು ಅಡಗಿವೆ. ಮೊದಲನೆಯದು ಚಿತ್ರ ಬಿಡಿಸುವ ಕೆಲಸ ನಿಧಾನವಾಗುವುದು. ತಿರುಗಿ ನೋಡಿದಾಗಲೆಲ್ಲ ದೃಶ್ಯ ಕುಂಟಿದರೆ ಇದೇ ಎಂದು ಊಹಿಸಬಹುದು. ಎರಡನೆಯದು ಆಟದ ಗಡಿಯಾರ ಹಿಂದೆ ಬೀಳುವುದು. ಮೈನ್‌ಕ್ರಾಫ್ಟಿನ ಲೋಕ ಸೆಕೆಂಡಿಗೆ 20 ಸಲ ‘ಟಿಕ್’ ಎನ್ನುತ್ತದೆ. ಬೆಳೆ ಬೆಳೆಯುವುದು, ಹಳ್ಳಿಗರು ದಾರಿ ಹುಡುಕುವುದು, ಯಂತ್ರಗಳು ತಿರುಗುವುದು, ಎಲ್ಲವೂ ಒಂದು ಟಿಕ್ಕಿಗೆ ದೊರೆಯುವ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಮುಗಿಯದಿದ್ದರೆ ಲೋಕವೇ ನಿಧಾನವಾಗುತ್ತದೆ. ಚಿತ್ರ ನುಣುಪಾಗಿಯೇ ಓಡುತ್ತಿದ್ದರೂ ಒಡೆದ ಕಲ್ಲು ಮರಳಿ ಬರುವುದು ಈ ಕಾರಣದಿಂದ. ಒಬ್ಬರೇ ಆಡುವಾಗಲೂ ಆಟದೊಳಗೆ ಒಂದು ಸರ್ವರ್ ನಡೆಯುತ್ತಿರುತ್ತದೆ; ನಿಮ್ಮ ಗುದ್ದಲಿಯ ಏಟನ್ನು ಒಪ್ಪಿಕೊಳ್ಳಬೇಕಾದದ್ದು ಅದು. ಸ್ಮರಣೆಯನ್ನು ಎಷ್ಟು ಹೆಚ್ಚಿಸಿದರೂ ಈ ಎರಡು ರೋಗಗಳು ಸಾಮಾನ್ಯವಾಗಿ ಕದಲುವುದಿಲ್ಲ.

ಮೂರನೆಯದು ಸ್ಮರಣೆಯ ರೋಗ. ಇದನ್ನು ನಾವು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಜಾವಾದಲ್ಲಿ ಬರೆದ ಕಾರ್ಯಕ್ರಮವು ತನಗೆ ಬೇಕಾದ ವಸ್ತುಗಳನ್ನು ಸ್ಮರಣೆಯಲ್ಲಿ ಸೃಷ್ಟಿಸಿಕೊಳ್ಳುತ್ತದೆ, ಆದರೆ ಬಳಸಿದ ಮೇಲೆ ಎತ್ತಿಡುವುದಿಲ್ಲ. ಒಂದು ಹಂದಿ ಎತ್ತ ಹೋಗಬೇಕೆಂದು ಲೆಕ್ಕ ಹಾಕಲು ಹತ್ತಾರು ಪುಟ್ಟ ವಸ್ತುಗಳು ಹುಟ್ಟುತ್ತವೆ. ಲೆಕ್ಕ ಮುಗಿದೊಡನೆ ಅವು ಕಸ. ಈ ಕಸವನ್ನು ತೆಗೆಯಲು ಬೇರೊಬ್ಬ ಪರಿಚಾರಕನಿದ್ದಾನೆ. ಇಂತಹ ಕಸವಿಲೇವಾರಿಯ ಕ್ರಮವನ್ನು 1959ರ ಸುಮಾರಿಗೆ ಲಿಸ್ಪ್ ಭಾಷೆಗಾಗಿ ರೂಪಿಸಿದವರು ಅಮೆರಿಕದ ಜಾನ್ ಮೆಕಾರ್ಥಿ. 1995ರಲ್ಲಿ ಬಂದ ಜಾವಾ ಅದನ್ನು ಮನೆಮಾತಾಗಿಸಿತು.

ಮದುವೆಯ ಊಟದ ಪಂಕ್ತಿಯನ್ನು ನೆನೆಯೋಣ. ಉಂಡವರು ಎದ್ದು ಹೋಗಿದ್ದಾರೆ, ಎಲೆಗಳು ಬಿದ್ದಿವೆ, ಹೊಸಬರು ಬಾಗಿಲಲ್ಲಿ ಕಾದಿದ್ದಾರೆ. ಪರಿಚಾರಕನು ಇನ್ನೂ ಉಣ್ಣುತ್ತಿರುವ ಕೆಲವರನ್ನು ಎಲೆಸಮೇತ ಪಕ್ಕದ ಸಾಲಿಗೆ ಸರಿಸಿ, ಉಳಿದ ನೆಲವನ್ನೆಲ್ಲ ಒಮ್ಮೆಗೇ ಗುಡಿಸಿಬಿಡುತ್ತಾನೆ. ಜಾವಾದ ಪರಿಚಾರಕನು ಎಳೆಯ ವಸ್ತುಗಳ ವಿಷಯದಲ್ಲಿ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಆದುದರಿಂದ ಗುಡಿಸಲು ಹಿಡಿಯುವ ಕಾಲ ಬಿದ್ದ ಎಲೆಗಳ ಸಂಖ್ಯೆಗಿಂತ ಇನ್ನೂ ಕುಳಿತಿರುವವರ ಸಂಖ್ಯೆಯನ್ನು ಹೆಚ್ಚಾಗಿ ಅವಲಂಬಿಸಿದೆ. ಸರಿಸುವಷ್ಟು ಹೊತ್ತು ಬಡಿಸುವವರು ಕೈಕಟ್ಟಿ ನಿಲ್ಲಬೇಕು. ಆಟ ಕಲ್ಲಾಗುವುದು ಆ ಹೊತ್ತಿನಲ್ಲಿ.

ಭೋಜನಶಾಲೆ ತೀರ ಚಿಕ್ಕದಾದರೆ ಗುಡಿಸುವುದೇ ಕೆಲಸವಾಗುತ್ತದೆ. ಆಟವನ್ನು ತೆರೆಯುವ ಲಾಂಚರ್ ಬಹಳ ವರ್ಷ ಆಟಕ್ಕೆ 2 ಗಿಗಾಬೈಟ್ ಮಾತ್ರ ಕೊಡುತ್ತಿತ್ತು. ಮಾಡ್‌ಗಳಿಲ್ಲದ ಆಟಕ್ಕೆ ಅಷ್ಟು ಸಾಕು; ನೂರೈವತ್ತು ಮಾಡ್‌ಗಳಿಗೆ ಸಾಲದು. ಇಂತಹ ಕಡೆ ಹೆಚ್ಚಿನ ಸ್ಮರಣೆ ನಿಜವಾದ ಮದ್ದು.

ಹಾಗಾದರೆ ಅತಿಯಾದರೆ ಕೇಡೇನು? 8 ಗಿಗಾಬೈಟ್ ಇರುವ ಲ್ಯಾಪ್‌ಟಾಪ್ ಒಂದರಲ್ಲಿ 7ನ್ನು ಆಟಕ್ಕೇ ಕೊಟ್ಟೆವೆನ್ನಿ. ಆಪರೇಟಿಂಗ್ ಸಿಸ್ಟಮಿಗೂ, ಪ್ರತ್ಯೇಕ ಚಿತ್ರಫಲಕವಿಲ್ಲದ ಯಂತ್ರದಲ್ಲಿ ಚಿತ್ರಕ್ಕೂ ಇದೇ ಸ್ಮರಣೆಯಿಂದ ಪಾಲು ಸಲ್ಲಬೇಕು. ಜಾವಾ ಕೂಡ ನಾವು ಗೊತ್ತುಪಡಿಸಿದ ಮಿತಿಯ ಹೊರಗೆ ತನ್ನ ಖರ್ಚಿಗೆಂದು ಇನ್ನಷ್ಟು ಬಳಸುತ್ತದೆ. ಸ್ಥಳ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್ ಸ್ಮರಣೆಯ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ಡಿಸ್ಕೋ, ಸ್ಮರಣೆಗಿಂತ ಎಷ್ಟೋ ಪಟ್ಟು ನಿಧಾನ. ಪರಿಚಾರಕನು ದೊಡ್ಡ ಗುಡಿಸುವಿಕೆಗೆ ಹೊರಟಾಗ ಬದುಕಿರುವ ವಸ್ತುಗಳನ್ನೆಲ್ಲ ಮುಟ್ಟಿ ನೋಡಬೇಕು. ಡಿಸ್ಕಿಗೆ ಹೋದ ಪುಟಗಳನ್ನೂ ಒಂದೊಂದಾಗಿ ಹಿಂದಕ್ಕೆ ತರಿಸಬೇಕು. ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯಬಹುದಾಗಿದ್ದ ತಡೆ ಹಲವು ಸೆಕೆಂಡುಗಳಿಗೆ ಬೆಳೆಯುವುದು ಹೀಗೆ. ಪಕ್ಕದ ಮನೆಯ ಜಗಲಿಯಲ್ಲಿ ಪಂಕ್ತಿ ಹಾಕಿ, ಪ್ರತಿಯೊಂದು ಎಲೆಗೂ ಓಡಾಡಿದಂತೆ!

ಎಷ್ಟು ಕೊಡಬೇಕೆಂಬುದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಆಟದಲ್ಲಿ ಎಫ್3 ಕೀಲಿಯನ್ನು ಒತ್ತಿದರೆ ಬಲಗಡೆಯಲ್ಲಿ ಸ್ಮರಣೆಯ ಬಳಕೆ ಕಾಣುತ್ತದೆ. ಹತ್ತು ನಿಮಿಷ ಅದನ್ನೇ ಗಮನಿಸಿ. ಅಂಕಿ ಮೇಲೇರುತ್ತದೆ, ಥಟ್ಟನೆ ಬೀಳುತ್ತದೆ, ಮತ್ತೆ ಏರುತ್ತದೆ, ಗರಗಸದ ಹಲ್ಲಿನಂತೆ. ಏರಿದ್ದನ್ನು ಕಂಡು ಹೆದರುವವರೇ ಹೆಚ್ಚು, ಆದರೆ ಏರುವಿಕೆ ಕೇವಲ ಕಸ. ನೋಡಬೇಕಾದದ್ದು ಬಿದ್ದಾಗ ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು. ಅದು 3 ಗಿಗಾಬೈಟಿನ ಬಳಿ ನಿಂತರೆ ನಿಜವಾದ ಅಗತ್ಯ ಸುಮಾರು ಅಷ್ಟೇ. ಗಾಳಿಯಾಡಲು ಒಂದೆರಡು ಗಿಗಾಬೈಟ್ ಸೇರಿಸಿ 5 ಕೊಟ್ಟರೆ ಸಾಕಾಗುವುದುಂಟು. ಈ ತಳಮಟ್ಟವೇ ಗಂಟೆಗಂಟೆಗೂ ಮೇಲೇರುತ್ತಿದ್ದರೆ ಯಾವುದೋ ಮಾಡ್ ಉಂಡೆದ್ದವರ ಎಲೆಗಳನ್ನೂ ‘ಇನ್ನೂ ಬೇಕು’ ಎಂದು ಹಿಡಿದುಕೊಂಡಿದೆ ಎಂದರ್ಥ. ಇದು ಸ್ಮರಣೆಯ ಸೋರಿಕೆ. ಇಲ್ಲಿ ಮಿತಿಯನ್ನು ಹೆಚ್ಚಿಸಿದರೆ ಕುಸಿತದ ಸಮಯ ಮುಂದಕ್ಕೆ ಹೋದೀತು, ತಪ್ಪದು.

ಅಗತ್ಯವನ್ನೇ ಇಳಿಸುವ ಮಾರ್ಗವೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಮೊದಲು ಹಿಡಿಯಬೇಕಾದದ್ದು ಅದನ್ನೇ. ಆಟದ ಲೋಕ 16 × 16 ಅಳತೆಯ ಕಂಬಗಳಾಗಿ ವಿಂಗಡವಾಗಿದೆ. 2021ರ 1.18ನೆಯ ಆವೃತ್ತಿಯಿಂದೀಚೆಗೆ ಸಾಮಾನ್ಯ ಲೋಕದಲ್ಲಿ ಕಂಬದ ಎತ್ತರ 384. ಅಂದರೆ ಒಂದು ಕಂಬದಲ್ಲಿ 98,304 ಘನಗಳಿಗೆ ಸ್ಥಳ. ಕಾಣುವ ದೂರವನ್ನು 12 ಎಂದಿಟ್ಟರೆ ಎಲ್ಲ ದಿಕ್ಕಿಗೂ ಹನ್ನೆರಡರಂತೆ 25 × 25, ಒಟ್ಟು 625 ಕಂಬಗಳು. ಆರು ಕೋಟಿಗೂ ಮಿಕ್ಕಿದ ಘನಗಳು. ಒಂದೇ ಬಗೆಯ ಘನಗಳನ್ನು ಆಟ ಅಡಕವಾಗಿ ಬರೆದಿಡುತ್ತದೆ, ನಿಜ. ಆದರೂ ಹೊರೆ ಹೊರೆಯೇ. ಅದೇ ದೂರವನ್ನು 8ಕ್ಕೆ ಇಳಿಸಿದರೆ ಕಂಬಗಳು 289 ಮಾತ್ರ. ದೂರ ಮೂರರಲ್ಲೊಂದು ಪಾಲು ಇಳಿದರೆ ಹೊರೆ ಅರ್ಧಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಫೆರೈಟ್‌ಕೋರ್ ಎಂಬ ಮಾಡ್ ಪುನರಾವರ್ತನೆಯಾಗುವ ವಿವರಗಳನ್ನು ಒಂದಾಗಿಸಿ ಸ್ಮರಣೆಯನ್ನು ಉಳಿಸುತ್ತದೆ. ಚಿತ್ರದ ನಿಧಾನಕ್ಕೆ ಸೋಡಿಯಂ ಇದೆ. ಟಿಕ್ ಹಿಂದೆ ಬಿದ್ದರೆ ಸ್ಪಾರ್ಕ್ ಎಂಬ ಮಾಡ್ ಯಾವ ಕೆಲಸ ಎಷ್ಟು ಕಾಲ ತಿಂದಿತೆಂದು ಲೆಕ್ಕ ಕೊಡುತ್ತದೆ. ಎಷ್ಟೋ ಸಲ ಅಪರಾಧಿ ಮಾಡ್ ಆಗಿರುವುದೇ ಇಲ್ಲ. ಒಂದು ಇಕ್ಕಟ್ಟಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದ ಮುನ್ನೂರು ಕೋಳಿಗಳಿರುತ್ತವೆ.

ಸೋರುವ ಮಾಡ್ ಯಾವುದೆಂದು ಸುಳಿವೇ ಸಿಗದಿದ್ದರೆ ಅರ್ಧರ್ಧ ತೆಗೆದು ನೋಡುವ ಉಪಾಯವುಂಟು. 200 ಮಾಡ್‌ಗಳಲ್ಲಿ 100ನ್ನು ತೆಗೆದು ಆಡಬೇಕು. ತೊಂದರೆ ಹೋದರೆ ಅಪರಾಧಿ ತೆಗೆದದ್ದರಲ್ಲಿದೆ, ಹೋಗದಿದ್ದರೆ ಉಳಿದದ್ದರಲ್ಲಿ. ಹೀಗೆ ಹೆಚ್ಚೆಂದರೆ ಎಂಟು ಸಲಕ್ಕೆ ಒಂದಕ್ಕೆ ಬಂದು ಮುಟ್ಟುತ್ತೇವೆ. ಒಂದನ್ನೊಂದು ಆಶ್ರಯಿಸಿದ ಮಾಡ್‌ಗಳನ್ನು ಮಾತ್ರ ಜೊತೆಯಾಗಿಯೇ ತೆಗೆಯಬೇಕು. ಈ ಪರೀಕ್ಷೆಯನ್ನು ನಿಮ್ಮ ಊರಿನಲ್ಲಿ ನಡೆಸಕೂಡದು. ಒಂದು ಮಾಡನ್ನು ತೆಗೆದು ಲೋಕವನ್ನು ತೆರೆದೊಡನೆ ಆ ಮಾಡಿನ ಘನಗಳೂ ಪೆಟ್ಟಿಗೆಗಳೂ ಅವುಗಳೊಳಗಿನ ಸಾಮಾನೂ ಮಾಯವಾಗಬಹುದು. ಮಾಡನ್ನು ಮರಳಿ ಹಾಕಿದರೂ ಅವು ಬಾರವು. ‘ಸೇವ್ಸ್’ ಎಂಬ ಕಡತಕೋಶದಲ್ಲಿ ನಿಮ್ಮ ಲೋಕವಿದೆ. ಅದನ್ನು ಮೊದಲು ಬೇರೆಡೆಗೆ ನಕಲು ಮಾಡಿಟ್ಟು, ಪರೀಕ್ಷೆಯನ್ನೆಲ್ಲ ನಕಲಿನ ಮೇಲೆ ನಡೆಸತಕ್ಕದ್ದು.